ಪುಣೆಯಿಂದ ಬರಬೇಕಿದ್ದ ಗ್ಯಾಸ್ಕೆಟ್ಟು

ಕೆಳಗಿನ ನಟ್ಟು ಕಣ್ಣಿಗೆ ಕಾಣುತ್ತಿರಲಿಲ್ಲ, ಬೆರಳಿಗಷ್ಟೇ ಸಿಗುತ್ತಿತ್ತು. ಚನ್ನಬಸಯ್ಯ ಬಾನೆಟ್ಟಿನ ಕೆಳಗೆ ಸೊಂಟದವರೆಗೆ ಬಗ್ಗಿ, ಎಡಗೈಯನ್ನು ಇಂಜಿನ್ನಿನ ಹಿಂದಿನ ಸಂದಿಗೆ ಮೊಣಕೈವರೆಗೂ ಇಳಿಸಿ, ಅರ್ಧಕ್ಕೆ ಕೊಯ್ದ ರಿಂಗ್ ಪಾನಾವನ್ನು ನಟ್ಟಿನ ತಲೆಗೆ ಕೂರಿಸಲು ಒದ್ದಾಡುತ್ತಿದ್ದ. ಇಡೀ ಪಾನಾ ಆ ಸಂದಿಯಲ್ಲಿ ತಿರುಗುವುದಿಲ್ಲವೆಂದು ಬೆಳಿಗ್ಗೆ ತಾನೇ ಅದನ್ನು ಗರಗಸದಿಂದ ಎರಡು ತುಂಡು ಮಾಡಿದ್ದ. ಮೂವತ್ತೊಂದು ವರ್ಷ ಭಾಂಡುಪದ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದವನ ಬಳಿ ಈಗ ಉಳಿದದ್ದು ಒಂದು ತಗಡಿನ ಡಬ್ಬಿ ತುಂಬುವಷ್ಟು ಸಾಮಾನು. ಅದರಲ್ಲೂ ಒಂದನ್ನು ಕೊಯ್ಯುವ ಮೊದಲು ಗರಗಸವನ್ನು ಎರಡು ಸಲ ಕೆಳಗಿಟ್ಟಿದ್ದ.

"ಬಿಟ್ಟಿತೇನೋ?" ಕಾರಿನ ಮುಂದಿನ ಸೀಟಿನಿಂದ ಅಕ್ಕ ರಾಚವ್ವ ಕೇಳಿದಳು.

"ಇಲ್ಲಕ್ಕಾ. ಜಂಗ ಹಿಡದ ಕುಂತೈತಿ."

"ಕುಂತದ್ದನ್ನ ಎಬ್ಬಸೂದು ಅಷ್ಟ ಸರಳಲ್ಲ ತಗೊ. ನನ್ನ ಎಬ್ಬಸೂದ್ರಾಗ ದಾನವ್ವಗ ಸಾಕುಸಾಕಾಗೇದ."

ಹೆಂಡತಿಯ ಪಾಡು ನೆನೆದು ಅವನಿಗೆ ನಗು ಬಂತು. ನಡುವೆ ಬಾನೆಟ್ಟು ಎದ್ದು ನಿಂತಿದ್ದರಿಂದ ಅವಳಿಗೆ ಅವನ ಮುಖ ಕಾಣುತ್ತಿರಲಿಲ್ಲ, ಅವನಿಗೆ ಅವಳದು. ಮಾತು ಮಾತ್ರ ಆ ತಗಡಿನ ಮೇಲಿಂದ ಹಾದು ಬರುತ್ತಿತ್ತು.

ಮುಲುಂಡಿನ ಆ ಏಳು ಮಾಳಿಗೆಯ ಸೊಸೈಟಿಯಲ್ಲಿ ಚನ್ನಬಸಯ್ಯನಿಗೆ ಸಿಕ್ಕಿದ್ದ ಪಾರ್ಕಿಂಗ್ ಜಾಗ ಒಂದು ಕಂಬಕ್ಕೂ ನೀರಿನ ಪಂಪಿನ ಕೋಣೆಗೂ ನಡುವಿನದು. ಡ್ರೈವರ್ ಕಡೆಯ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಜಾಕಿನ ಮೇಲೆ ಭರವಸೆ ಇಲ್ಲದೆ ಅವನು ನೆಲಕ್ಕೆ ಎರಡು ದಪ್ಪ ಹಲಗೆ ಹಾಕಿ, ಕೆಮ್ಮುತ್ತಿದ್ದ ಇಂಜಿನ್ನಿನಲ್ಲೇ ಮುಂದಿನ ಗಾಲಿಗಳನ್ನು ಅವುಗಳ ಮೇಲೆ ಹತ್ತಿಸಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟಿದ್ದ. ಗಾಡಿ ತುಸು ಹಿಂದಕ್ಕೆ ಒರಗಿದಂತಾಗಿತ್ತು. ಅದೇ ರಾಚವ್ವನಿಗೆ ಒಳ್ಳೆಯದಾಯಿತು. ಹೃದಯದ ಬೇನೆಯಿಂದ ಆಕೆಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ತಿಂಗಳಿಂದ ಗೋಡೆಗೆ ದಿಂಬು ಕೊಟ್ಟು ಕೂತೇ ನಿದ್ದೆ ಮಾಡುತ್ತಿದ್ದಳು. ಮೊದಲ ದಿನ "ತಮ್ಮ ಏನ ಮಾಡ್ತಾನ ನೋಡ್ತೀನಿ" ಎಂದು ಲಿಫ್ಟಿನಲ್ಲಿ ಇಳಿದು ಬಂದವಳು, ಆ ಸೀಟಿನಲ್ಲಿ ಕೂತು ಒಂದು ತಾಸು ಗಾಢವಾಗಿ ನಿದ್ದೆ ಹೋದಳು. ಆಮೇಲೆ ದಿನಾ ಬೆಳಿಗ್ಗೆ ತನ್ನ ಎಲೆಯಡಿಕೆ ಸಂಚಿಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲಿಯೇ ಠಿಕಾಣಿ ಹೂಡಿದಳು.

ಗಾಡಿ ಕೆಟ್ಟದ್ದು ಹೋದ ಸೋಮವಾರ, ಆಸ್ಪತ್ರೆಯಿಂದ ಬರುವಾಗ. ಹೈವೇಯ ಮೇಲೆ ಬಾನೆಟ್ಟಿನ ಒಳಗಿನಿಂದ ಸಿಳ್ಳೆಯಂಥ ಸದ್ದು ಬಂತು. ಹಿಂದೆ ನೀಲಿ ಹೊಗೆ ಎದ್ದಿತು. ಟರ್ಬೊ ಹೋಯಿತೆಂದು ಚನ್ನಬಸಯ್ಯನಿಗೆ ಆಗಲೇ ತಿಳಿಯಿತು.

"ಹಂಗಂದ್ರೇನೋ?" ಎಂದು ರಾಚವ್ವ ಕೇಳಿದ್ದಳು.

"ಇಂಜಿನ್ನಿನ ಹೊಗಿ ಜೋರಿಗೆ ತಿರಗೂ ಒಂದು ಫ್ಯಾನಕ್ಕಾ. ಇಂಜಿನ್ನಿಗೆ ಗಾಳಿ ತುಂಬತೈತಿ. ಅದಿಲ್ಲಂದ್ರ ಗಾಡಿಗೆ ದಮ್ಮಿಲ್ಲ. ಘಾಟ ಏರೂದಿಲ್ಲ."

"ಅಂದ್ರ ನಿನ್ನ ಗಾಡಿಗೂ ನನ್ನ ಬ್ಯಾನೀನ ಬಂದೇದ ಅನ್ನು."

ಅದೇ ಟರ್ಬೊದ ದೆಸೆಯಿಂದ ಅಕ್ಕ-ತಮ್ಮ ಇಬ್ಬರಿಗೂ ಒಂದು ರೂಢಿ ಬಿದ್ದಿತ್ತು. ದೂರದಿಂದ ಓಡಿಬಂದ ಗಾಡಿಯನ್ನು ನಿಂತ ಕೂಡಲೇ ಬಂದ್ ಮಾಡಬಾರದು, ಎರಡು ಮಿನಿಟು ಇಂಜಿನ್ನು ಓಡಲು ಬಿಡಬೇಕು, ಕಾದ ಟರ್ಬೊ ಆರಬೇಕು ಎಂಬುದು ಚನ್ನಬಸಯ್ಯನ ಕಟ್ಟುನಿಟ್ಟು. ದಾನವ್ವನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಗಾಡಿ ನಿಂತಿತೋ ಇಲ್ಲವೋ ಇಳಿದು ಲಿಫ್ಟಿನತ್ತ ನಡೆದುಬಿಡುತ್ತಿದ್ದಳು. ರಾಚವ್ವ ಮಾತ್ರ ಕೂತೇ ಇರುತ್ತಿದ್ದಳು. ಮನೆಯಲ್ಲಿ ಆಡಲಾಗದ ಮಾತನ್ನೆಲ್ಲ ಆಕೆ ಆಡುತ್ತಿದ್ದುದು ಆ ಎರಡು ಮಿನಿಟಿನಲ್ಲಿಯೇ. "ಈ ಗುಳಗಿ ತಿಂದ್ರ ಬಾಯಿ ಕಹಿ ಆಗತೈತಿ, ದಾನವ್ವಗ ಹೇಳಬ್ಯಾಡ, ಮತ್ತ ಸಕ್ಕರಿ ಕೊಡ್ತಾಳ." "ನಿನ್ನಿ ಕನಸಿನ್ಯಾಗ ಅವ್ವ ಬಂದಿದ್ಳೋ." ಇಂಥವೇ. ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದ ಆ ಸೋಮವಾರ, ಹೊಗೆಯುಗುಳುತ್ತ ಬಂದು ನಿಂತ ಗಾಡಿಯಲ್ಲಿಯೂ ಆಕೆ ಇಳಿಯಲಿಲ್ಲ.

"ಚನ್ನ್ಯಾ, ಮಾತ ಕೊಟ್ಟಿದ್ದು ನೆನಪೇದಲ್ಲ? ನಾ ಹೆಣಾ ಆಗಿ ಊರಿಗೆ ಹೋಗಾಕಿ ಅಲ್ಲ. ಕುಂತ ಹೋಗ್ತೀನಿ. ನಿನ್ನ ಗಾಡ್ಯಾಗ ಕುಂತ ಹೋಗ್ತೀನಿ."

ಮಾತು ಕೊಟ್ಟು ಎಷ್ಟೋ ವರ್ಷವಾಗಿತ್ತು. ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡ ರಾಚವ್ವ, ತಾಯಿಯಿಲ್ಲದ ಏಳು ವರ್ಷದ ತಮ್ಮನನ್ನು ಸೊಂಟಕ್ಕೆ ಕಟ್ಟಿಕೊಂಡು ಇಂಡಿ ಕಡೆಯ ಹಳ್ಳಿಯಿಂದ ಈ ಊರಿಗೆ ಬಂದವಳು. ಚಾಳಿನ ಒಂದು ಖೋಲಿಯಲ್ಲಿ ಕಾರ್ಖಾನೆಯವರಿಗೆ ಜೋಳದ ರೊಟ್ಟಿ ಬಡಿದು ಅವನನ್ನು ಓದಿಸಿದಳು, ಐಟಿಐ ಮಾಡಿಸಿದಳು, ಮದುವೆ ಮಾಡಿಸಿದಳು. ತನಗಾಗಿ ಕೇಳಿದ್ದು ಒಂದೇ: ಊರ ಹೊಲದ ಬದುವಿನಲ್ಲಿ ಗಂಡನನ್ನು ಮಣ್ಣು ಮಾಡಿದ್ದಾರಲ್ಲ, ಆತನ ಮಗ್ಗುಲಿಗೆ ಒಂದು ಕುಣಿ. ಸತ್ತವರನ್ನು ಕೂರಿಸಿಯೇ ಮಣ್ಣಿಗಿಡುವ ಜನ ಅವರು. ಆದರೆ ರಾಚವ್ವನಿಗೆ ಜೀವ ಇರುವಾಗಲೇ ಹೋಗಿ ಅಲ್ಲಿ ನಾಲ್ಕು ದಿನ ಇರುವ ಆಸೆ.

ಹಾಗಾಗಿ ಮರುದಿನವೇ ಚನ್ನಬಸಯ್ಯ ಕುರ್ಲಾಕ್ಕೆ ಹೋಗಿ ಟರ್ಬೊ ತಂದ, ಅದರ ಗ್ಯಾಸ್ಕೆಟ್ಟುಗಳನ್ನೂ ತಂದ. ಗ್ಯಾರೇಜಿನವನು ಹದಿನೈದು ದಿನ ಕೇಳಿದ್ದ. ಅಷ್ಟು ದಿನ ಯಾರ ಬಳಿ ಇತ್ತು? "ನನ್ನ ಕೈ ಏನ ಸೇದಿ ಹೋಗ್ಯಾವೇನು?" ಎಂದು ತಾನೇ ಕೂತ. ಹಳೆಯದನ್ನು ಬಿಚ್ಚುವುದರಲ್ಲಿಯೇ ಎರಡು ದಿನ ಹೋಯಿತು. ಆ ಕೆಳಗಿನ ನಟ್ಟು ಗುರುವಾರ ಮಧ್ಯಾಹ್ನ, ಸೀಮೆಎಣ್ಣೆ ಕುಡಿದು ಕುಡಿದು, ಕಡೆಗೊಮ್ಮೆ ಕಿರ್ ಎಂದು ಸಡಿಲಾಯಿತು. ಶುಕ್ರವಾರ ಹೊಸದನ್ನು ಕೂರಿಸಿದರೆ ಶನಿವಾರ ಹೊರಡಬಹುದಿತ್ತು.

ಗುರುವಾರ ಸಂಜೆ ಔಷಧ ತರಲು ಹೋದಾಗ ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದರು. ಹತ್ತು ತಾಸಿನ ದಾರಿ ಆ ಹೃದಯ ತಡೆಯಲಿಕ್ಕಿಲ್ಲ, ದಾರಿಯಲ್ಲಿಯೇ ಏನಾದರೂ ಆದೀತು. ಅಲುಗಾಡದೆ ಇಲ್ಲಿದ್ದರೆ ಒಂದು ತಿಂಗಳು, ಎರಡು ತಿಂಗಳು ಕೈಗೆ ಸಿಗಬಹುದು ಎಂದರು. ಚನ್ನಬಸಯ್ಯ ಸ್ಟೇಷನ್ನಿನ ಸೇತುವೆಯ ಮೇಲೆ ಲೋಕಲ್ ರೈಲುಗಳನ್ನು ನೋಡುತ್ತ ಬಹಳ ಹೊತ್ತು ನಿಂತ. ಮಾತು ಉಳಿಸಿಕೊಂಡರೆ ಅಕ್ಕ ಉಳಿಯುವುದಿಲ್ಲ, ಅಕ್ಕನನ್ನು ಉಳಿಸಿಕೊಂಡರೆ ಮಾತು ಉಳಿಯುವುದಿಲ್ಲ. ಹುಟ್ಟಿದಾಗಿನಿಂದ ಅವನು ಆ ಹೆಂಗಸಿಗೆ ಸುಳ್ಳು ಹೇಳಿದವನಲ್ಲ. ಶುಕ್ರವಾರ ಬೆಳಿಗ್ಗೆ ಹೇಳಿದ.

"ಕುರ್ಲಾದಾಂವ ಒಂದು ಗ್ಯಾಸ್ಕೆಟ್ಟು ಬ್ಯಾರೇದು ಕೊಟ್ಟಾನಕ್ಕಾ. ಟರ್ಬೊಕ್ಕೂ ಇಂಜಿನ್ನಿಗೂ ನಡಬರಕ ಕೂಡೂದು, ಅದಿಲ್ಲಂದ್ರ ಟರ್ಬೊ ಕೂಡಸಾಕ ಬರಂಗಿಲ್ಲ. ಸರಿಯಾದ್ದು ಪುಣೇದಿಂದ ಬರಬೇಕಂತ."

"ಬರಲಿ ಬಿಡು. ಯಾರ ಅರ್ಜಂಟ ಮಾಡ್ಯಾರು?"

ಗ್ಯಾಸ್ಕೆಟ್ಟು ಸರಿಯಾದದ್ದೇ ಇತ್ತು. ಅಂಗೈ ಅಗಲದ, ಮೂರು ತೂತಿನ ತೆಳು ತಗಡು. ಅದನ್ನು ಅವನು ಪ್ಲಾಸ್ಟಿಕ್ ಚೀಲದ ಸಮೇತ, ಮುಂದಿನ ಸೀಟಿನ ಎದುರಿನ ಖಾನೆಯಲ್ಲಿ, ಹಳೆಯ ಇನ್ಶೂರೆನ್ಸ್ ಕಾಗದಗಳ ಕೆಳಗೆ ತುರುಕಿಟ್ಟ.

ಆಮೇಲೆ ಶುರುವಾಯಿತು ಮಾಡಿದ್ದನ್ನೇ ಮಾಡುವ ಕೆಲಸ. ಒರೆಸಿದ ಪೈಪನ್ನೇ ದಾನವ್ವನ ಹಳೇ ಇಳಕಲ್ ಸೀರೆಯ ತುಂಡಿನಿಂದ ಮತ್ತೆ ಒರೆಸಿದ. ಬಿಗಿದ ಕ್ಲಿಪ್ಪನ್ನು ಬಿಚ್ಚಿ ಬಿಗಿದ. ಬಾನೆಟ್ಟಿನ ಆಚೆಯಿಂದ ಅಕ್ಕ ಹಳೆಯ ಸುದ್ದಿ ತೆಗೆಯುತ್ತಿದ್ದಳು: ಚಾಳಿನ ನಲ್ಲಿಯ ಸರತಿ, ರೊಟ್ಟಿಗೆ ಉಪ್ಪು ಹೆಚ್ಚಾಯಿತೆಂದು ಮುನಿಸಿಕೊಂಡ ಫೋರ್ಮನ್ನು, ಶಾಲೆಯ ಮೊದಲ ದಿನ ಚನ್ನ್ಯಾ ಚಡ್ಡಿಯಲ್ಲಿಯೇ ಮಾಡಿಕೊಂಡದ್ದು. ಅರವತ್ತೆರಡು ವರ್ಷದ ಚನ್ನ್ಯಾ ಇಂಜಿನ್ನಿನೊಳಗೆ ತಲೆ ಹಾಕಿ ನಗುತ್ತಿದ್ದ. ಇಷ್ಟು ಮಾತು ಅವರಿಬ್ಬರು ನಲವತ್ತು ವರ್ಷದಲ್ಲಿ ಆಡಿರಲಿಲ್ಲ.

ದಿನಕ್ಕೊಮ್ಮೆ ಆಕೆ ಕೇಳುವುದನ್ನೂ ಮರೆಯುತ್ತಿರಲಿಲ್ಲ. "ಬಂತೇನೋ ಪುಣೇದ ಗ್ಯಾಸ್ಕೆಟ್ಟು?"

"ಇಲ್ಲಕ್ಕಾ."

"ಅವ್ರೇನು ಅದನ್ನ ಕಲ್ಲಾಗ ಕೆತ್ತಲಾಕತ್ತಾರೋ?"

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಆಗ ಅವನು ಸುಮ್ಮಸುಮ್ಮನೆ ಅಂಗಿಯ ಕಿಸೆ ಮುಟ್ಟಿಕೊಳ್ಳುತ್ತಿದ್ದ.

ಸೊಸೈಟಿಯ ಸೆಕ್ರೆಟರಿ ಗಾಲಾ, ಇದು ಇನ್ನೆಷ್ಟು ದಿನ ಎಂದು ಕೇಳಲು ಎರಡು ಸಲ ಬಂದು ಹೋದ. ಪಾರ್ಕಿಂಗಿನಲ್ಲಿ ರಿಪೇರಿ ಮಾಡಬಾರದೆಂಬ ಬೋರ್ಡು ಅವನೇ ಹಾಕಿಸಿದ್ದು. "ಸ್ವಾಮೀಜಿ, ಕಬ್ ತಕ್ ಚಲೇಗಾ ಯೇ? ಕಮಿಟೀವಾಲೇ ಪೂಛ್ ರಹೇ ಹೈಂ." ಜಂಗಮನೆಂಬ ಕಾರಣಕ್ಕೆ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಅವನು ಸ್ವಾಮೀಜಿ. "ಬಸ್ ಗಾಲಾಭಾಯ್, ಕಲ್ ಹೋ ಜಾಯೇಗಾ" ಎಂದು ಚನ್ನಬಸಯ್ಯ ಕೈ ಮುಗಿಯುತ್ತಿದ್ದ. ಆ ನಾಳೆ ಬರುತ್ತಲೇ ಇರಲಿಲ್ಲ.

ಸೋಮವಾರ ರಾತ್ರಿ ಊಟಕ್ಕೆ ಕೂತಾಗ ದಾನವ್ವ ಸಿಡಿದಳು. ಊರಿನಿಂದ ಕಾಂತಪ್ಪ ಫೋನ್ ಮಾಡಿದ್ದನಂತೆ. ಕಾಂತಪ್ಪ ರಾಚವ್ವನ ಮೈದುನನ ಮಗ. ದೊಡ್ಡವ್ವನಿಗೆಂದು ಮನೆಯ ಪಡಸಾಲೆಗೆ ಸುಣ್ಣ ಬಳಿಸಿ, ಮಂಚ ಹಾಕಿಸಿ, ಕಾಯುತ್ತಿದ್ದ.

"ಅಲ್ರೀ, ಬಾಡಗಿ ಗಾಡಿ ಮಾಡಿ ಕರಕೊಂಡ ಹೋಗ್ರಿ ಅಂದ್ರ ಅಕ್ಕಾರು ಒಲ್ಲೆ ಅಂತಾರ, ಬ್ಯಾರೇದವ್ರ ಗಾಡ್ಯಾಗ ಕುಂಡ್ರಂಗಿಲ್ಲ ಅಂತಾರ. ನೀವು ನೋಡಿದ್ರ ಗ್ಯಾಸ್ಕೆಟ್ಟು ಗ್ಯಾಸ್ಕೆಟ್ಟು ಅಂತೀರಿ. ಅವ್ರ ಕಾಲ ನೋಡೀರೇನು? ಮೊಣಕಾಲತನಾ ಬಾವ ಏರೇದ. ಆ ಹೆಣ್ಮಗಳ ಜೀವಮಾನದಾಗ ಒಂದ ಆಸೆ ಮಾಡ್ಯಾಳ. ನಾಳೆ ಅಕಸ್ಮಾತ್ ಆದ್ರ ನಿಮಗ ಅನ್ನ ಹ್ಯಾಂಗ ಇಳೀತೇದ ಗಂಟಲದಾಗ?"

ಚನ್ನಬಸಯ್ಯ ಡಾಕ್ಟರ ಮಾತು ಹೇಳಲಿಲ್ಲ. ಆದರೆ ಆ ರಾತ್ರಿ ಅನ್ನ ನಿಜವಾಗಿಯೂ ಇಳಿಯಲಿಲ್ಲ. ತಾನು ಉಳಿಸಿಕೊಳ್ಳಲು ಹೊರಟದ್ದು ಅಕ್ಕನನ್ನಲ್ಲ, ತನಗೊಬ್ಬ ಅಕ್ಕ ಇರುವುದನ್ನು ಎಂದು ಅವನಿಗೆ ಹೊಳೆಯಿತು. ಆಗಲಿ, ನಾಳೆ ಕೂರಿಸಿಯೇ ಬಿಡುವುದು, ದಾರಿಯಲ್ಲಿ ಏನಾದರೂ ಆದರೆ ಆಕೆಯ ದಾರಿಯಲ್ಲಿಯೇ ಆಗಲಿ ಎಂದು ಗಟ್ಟಿ ಮಾಡಿಕೊಂಡ.

ಮಂಗಳವಾರ ಬೆಳಿಗ್ಗೆ ಅಕ್ಕ ಇಳಿದು ಬರುವ ಮೊದಲೇ ಅವನು ಆ ಖಾನೆ ತೆರೆದ. ಇನ್ಶೂರೆನ್ಸ್ ಕಾಗದ ಇದ್ದವು. ಪ್ಲಾಸ್ಟಿಕ್ ಚೀಲವೂ ಇತ್ತು. ಚೀಲ ಖಾಲಿ.

ಸೀಟಿನ ಕೆಳಗೆ ನೋಡಿದ. ಮ್ಯಾಟು ಎತ್ತಿ ಝಾಡಿಸಿದ. ತಗಡಿನ ಡಬ್ಬಿಯನ್ನು ನೆಲಕ್ಕೆ ಸುರುವಿ ಒಂದೊಂದೇ ಎತ್ತಿ ನೋಡಿದ. ಅಷ್ಟರಲ್ಲಿ ದಾನವ್ವ ಅಕ್ಕನನ್ನು ತಂದು ಕೂರಿಸಿ ಹೋದಳು. ರಾಚವ್ವ ಒಂದು ಎಲೆಗೆ ಸುಣ್ಣ ಸವರುತ್ತ ಸ್ವಲ್ಪ ಹೊತ್ತು ಅವನ ಒದ್ದಾಟ ನೋಡಿದಳು.

"ಏನ ಹುಡುಕ್ಲಾಕತ್ತೀಯೋ?"

ಏನೆಂದು ಹೇಳುವುದು? ಪುಣೆಯಿಂದ ಬರಬೇಕಾದದ್ದು ಇಲ್ಲಿಂದ ಕಳೆದಿದೆ ಎಂದೇ? "ಏನಿಲ್ಲ, ಒಂದು ವಾಶರ್" ಎಂದ.

"ಸಿಗತೈತಿ ತಗೊ. ಎಲ್ಲಿ ಹೋಗತೈತಿ?"

ಸಿಗಲಿಲ್ಲ. ಸುಳ್ಳು ಹೇಳಿದವನಿಗೆ ದೇವರು ತಕ್ಕ ಶಾಸ್ತಿ ಮಾಡಿದನೆಂದು ಅವನು ಹಣೆ ಚಚ್ಚಿಕೊಂಡ. ಮಗಳು ಶೀತಲ ಬೊರಿವಲಿಯಲ್ಲಿದ್ದಳು. ಅವಳಿಗೆ ಫೋನ್ ಮಾಡಿ ಅಂಥದೇ ಇನ್ನೊಂದು ತರಿಸಲು ಹೇಳಿದ. ಅವಳು ಅರ್ಧ ತಾಸಿಗೆ ತಿರುಗಿ ಫೋನ್ ಮಾಡಿದಳು. "ಪಪ್ಪಾ, ಆರ್ಡರ್ ಮಾಡೀನಿ. ಶುಕ್ರವಾರ ಮಿಲ್ ಜಾಯೇಗಾ. ಪುಣೇದಿಂದ ಬರ್ತದ." ಚನ್ನಬಸಯ್ಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಕ್ಕನಿಗೆ ಮಾತ್ರ ಆ ಸುಳ್ಳಿನ ನಂತರ ಮೊದಲ ಬಾರಿಗೆ ಎದೆ ತಟ್ಟಿ ನಿಜ ಹೇಳಿದ. "ಶುಕ್ರವಾರ ಗ್ಯಾರಂಟಿ ಬರತೈತಕ್ಕಾ."

ರಾಚವ್ವ ಸಂಚಿಯ ದಾರ ಎಳೆದು ಬಿಗಿದಳು.

ಗುರುವಾರ ಬೆಳಿಗ್ಗೆ ಆಕೆ ಬಹಳ ಗೆಲುವಾಗಿದ್ದಳು. ದಾನವ್ವನ ಕೈಲಿ ತಲೆ ಬಾಚಿಸಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಕೂತಳು. ಚನ್ನಬಸಯ್ಯ ಗಾಳಿಯ ಪೈಪುಗಳನ್ನು ಜೋಡಿಸುತ್ತಿದ್ದ. ಗ್ಯಾಸ್ಕೆಟ್ಟು ಬಂದ ಕೂಡಲೇ ಟರ್ಬೊ ಇಳಿಸಿದರಾಯಿತು ಎಂಬಷ್ಟು ಎಲ್ಲ ತಯಾರಿತ್ತು. ಅಕ್ಕ ಹೇಳುತ್ತಿದ್ದಳು, ಚಾಳಿನ ಖೋಲಿಯಲ್ಲಿ ಮೊದಲ ಮಳೆಗಾಲ ಒಲೆ ಹೊತ್ತದೆ, ರೊಟ್ಟಿ ಆಗದೆ, ಇಬ್ಬರೂ ಬೇಕರಿಯ ಒಂದು ಪಾವು ತಂದು ಚಹಾದಲ್ಲಿ ಅದ್ದಿ ತಿಂದದ್ದನ್ನು.

"ನೀ ಆವತ್ತ ಏನಂದಿ ಗೊತ್ತೇನು? ಅಕ್ಕಾ, ನಾವು ಊರಿಗೆ ಹೋಗೂದ ಬ್ಯಾಡ, ಇಲ್ಲೇ ಇರೂಣು, ಇಲ್ಲಿ ಪಾವ ಸಿಗತೈತಿ ಅಂದಿ."

"ಹೌದೇನು? ನನಗ ನೆನಪಿಲ್ಲ."

"ನನಗೇದ" ಎಂದಳು.

ಪೈಪು ಕೂರುವಾಗ ಕ್ಲಿಪ್ಪು ಕೈಜಾರಿತು. ಅದನ್ನು ಕೆಳಗಿನಿಂದ ಹುಡುಕಿ ತೆಗೆದು, ಒರೆಸಿ, ಮತ್ತೆ ಕೂರಿಸಿ ಬಿಗಿದ. "ಆಮ್ಯಾಲೇನಾತಕ್ಕಾ?" ಎಂದ. ಸ್ವಲ್ಪ ತಡೆದು, "ನಿದ್ದಿ ಬಂತೇನು?" ಎಂದ. ಇನ್ನೊಂದು ಕ್ಲಿಪ್ಪು ಬಿಗಿದ. ಆಮೇಲೆ ಸ್ಕ್ರೂಡ್ರೈವರ್ ಅನ್ನು ಬ್ಯಾಟರಿಯ ಮೇಲಿಟ್ಟು, ಬಾನೆಟ್ಟನ್ನು ಸುತ್ತಿ ಈಚೆಗೆ ಬಂದ.

ರಾಚವ್ವ ಸೀಟಿಗೆ ಒರಗಿ ಕೂತಿದ್ದಳು. ಕಣ್ಣು ಅರ್ಧ ತೆರೆದಿದ್ದವು. ಬಲಗೈ ಮಡಿಲಲ್ಲಿದ್ದ ಸಂಚಿಯ ಮೇಲಿತ್ತು.

ಅವನು ಕಂಬಕ್ಕೂ ಬಾಗಿಲಿಗೂ ನಡುವೆ ಮಂಡಿಯೂರಿ, ಎಣ್ಣೆಯ ಕೈಯನ್ನು ಅಂಗಿಗೆ ತಿಕ್ಕಿಕೊಂಡು, ಆಕೆಯ ಪಾದ ಹಿಡಿದು ಕೂತ. ಬಾತ ಪಾದ ಇನ್ನೂ ಬೆಚ್ಚಗಿತ್ತು. ಅವನ ಎದೆಯಿಂದ ಒಂದು ಸದ್ದು ಹೊರಟಿತು. ಅದನ್ನು ಕೇಳಿ ಪಂಪಿನ ಕೋಣೆಯಿಂದ ವಾಚ್‌ಮನ್ ಓಡಿಬಂದ.

ಕೆಳಗಿನ ಮಾಳಿಗೆಯ ಡಾಕ್ಟರು ಬಂದು ನಾಡಿ ನೋಡಿ ಕಾಗದ ಬರೆದುಕೊಟ್ಟರು. ದಾನವ್ವ ಕಾರಿನ ಬಾಗಿಲಿಗೆ ತಲೆ ಚಚ್ಚಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಲಿಂಗ ಕೈಯಾಗ ಇಡ್ರಿ. ಈಭೂತಿ ಹಚ್ಚರಿ" ಎಂದಳು. ಚನ್ನಬಸಯ್ಯ ಅಕ್ಕನ ಕೊರಳ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟ. ವಿಭೂತಿ ಗಟ್ಟಿಯನ್ನು ಆಕೆ ಯಾವಾಗಲೂ ಸಂಚಿಯ ಒಳ ಮಡಿಕೆಯಲ್ಲಿಡುತ್ತಿದ್ದಳು. ಆ ಬೆರಳುಗಳನ್ನು ಮೆಲ್ಲಗೆ ಸರಿಸಿ, ಸಂಚಿಯ ದಾರ ಸಡಿಲಿಸಿ, ಕೈ ಹಾಕಿದ.

ಎಲೆ, ಅಡಿಕೆ, ಸುಣ್ಣದ ಡಬ್ಬಿ, ವಿಭೂತಿ. ವಿಭೂತಿಯ ಹಿಂದೆ ಒಂದು ವೀಳ್ಯದೆಲೆಯಲ್ಲಿ ಮಡಚಿದ್ದು, ಅಂಗೈ ಅಗಲದ, ಮೂರು ತೂತಿನ ತೆಳು ತಗಡು.

ಅವನು ಅದನ್ನು ಹಿಡಿದು ನೋಡಿದ. ಒಂದು ಅಂಚಿಗೆ ಸುಣ್ಣ ಮೆತ್ತಿತ್ತು. ಸುತ್ತಿದ್ದ ಎಲೆ ಒಣಗಿ ಬಣ್ಣಗೆಟ್ಟಿತ್ತು; ನಾಲ್ಕೈದು ದಿನದ ಎಲೆ. ಅಂದರೆ ಅವನು ಹುಡುಕುವ ಎಷ್ಟೋ ಮೊದಲೇ. ಬಂತೇನೋ ಗ್ಯಾಸ್ಕೆಟ್ಟು, ಬಂತೇನೋ ಗ್ಯಾಸ್ಕೆಟ್ಟು ಎಂದು ದಿನಾ ಕೇಳುತ್ತ, ಬಾನೆಟ್ಟಿನ ಆಚೆ, ಅದರ ಮೇಲೆಯೇ ಕೈಯಿಟ್ಟುಕೊಂಡು ಕೂತಿದ್ದಳು.

"ಏನ್ರೀ ಅದು?" ದಾನವ್ವ ಕೇಳಿದಳು.

"ಏನಿಲ್ಲ" ಎಂದು ಅವನು ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ಅಕ್ಕನ ಹಣೆಗೆ ವಿಭೂತಿ ಬಳಿದ.

ಶವದ ಗಾಡಿ ತರಿಸುತ್ತೇನೆಂದು ಗಾಲಾ ಫೋನ್ ಹಿಡಿದು ನಿಂತಿದ್ದ. ಬೊರಿವಲಿಯಿಂದ ಓಡಿಬಂದಿದ್ದ ಶೀತಲ ಕೂಡ, "ಪಪ್ಪಾ, ಆಂಬುಲೆನ್ಸ್ ಬುಲಾತೇ ಹೈಂ ನಾ, ಪ್ಲೀಸ್" ಎಂದಳು. ಶವದ ಗಾಡಿಯಲ್ಲಿ ಮಲಗಿಸಬೇಕು. ಚನ್ನಬಸಯ್ಯ ತಲೆಯಾಡಿಸಿದ.

"ಆಕಿ ಕುಂತ ಹೋಗ್ತೀನಿ ಅಂದಾಳ. ಕುಂತಾಳ. ಎಬ್ಬಸಬ್ಯಾಡ್ರಿ."

ಕಾಂತಪ್ಪನಿಗೆ ಫೋನ್ ಮಾಡಿದ. ಸೀಟಿಗೂ ಅಕ್ಕನಿಗೂ ಬೆಲ್ಟು ಹಾಕಿ, ಜೊತೆಗೆ ಆಕೆಯದೇ ಒಂದು ಸೀರೆಯಿಂದ ಸಡಿಲಾಗದಂತೆ ಕಟ್ಟಿದ. ಆಮೇಲೆ ಬಾನೆಟ್ಟಿನ ಕೆಳಗೆ ಬಗ್ಗಿದ. ಗಾಲಾ ಪಕ್ಕದ ಸ್ಕೂಟರುಗಳನ್ನು ತಾನೇ ದಬ್ಬಿ ಜಾಗ ಮಾಡಿಕೊಟ್ಟ, ಟಾರ್ಚು ಹಿಡಿದ. ಗ್ಯಾಸ್ಕೆಟ್ಟಿನ ಸುಣ್ಣವನ್ನು ಚನ್ನಬಸಯ್ಯ ಸೀರೆಯ ತುಂಡಿನಿಂದ ಒರೆಸಿದ. ಕೆಳಗಿನ ನಟ್ಟಿಗೆ ಕೊಯ್ದ ಪಾನಾ ಈ ಸಲ ಮೊದಲ ಸಲಕ್ಕೇ ಕೂತಿತು. ಹೊಸ ಟರ್ಬೊವನ್ನು ಒಣಗಿದ್ದಾಗಲೇ ತಿರುಗಿಸಿದರೆ ಸುಟ್ಟುಹೋಗುತ್ತದೆ. ಮೊದಲು ಒಳಗೆ ಎಣ್ಣೆ ತುಂಬಬೇಕು. ತೂತು ಸಣ್ಣದು. ಅಕ್ಕನಿಗೆ ಔಷಧ ಕುಡಿಸುವ ಸಿರಿಂಜನ್ನು ಶೀತಲಳಿಂದ ತರಿಸಿ, ಅದರಲ್ಲಿ ಎಣ್ಣೆ ಎಳೆದು, ಹನಿ ಹನಿಯಾಗಿ ಬಿಟ್ಟ. ಒಂಬತ್ತು ದಿನದಿಂದ ಆಗದ ಕೆಲಸ ಮೂರು ತಾಸಿನಲ್ಲಿ ಮುಗಿಯಿತು.

ಕೀಲಿ ತಿರುಗಿಸಿದಾಗ ಇಂಜಿನ್ನು ಒಂದು ಸಲ ಕೆಮ್ಮಿ ಚಾಲೂ ಆಯಿತು. ಹೊಗೆಯಿಲ್ಲ, ಸಿಳ್ಳೆಯಿಲ್ಲ. ಕೆಲಸ ಚೊಕ್ಕವಾಗಿ ಆಗಿತ್ತು. ಅದಕ್ಕಾಗಿ ಅವನಿಗೆ ತನ್ನ ಕೈಗಳ ಮೇಲೆಯೇ ಸಿಟ್ಟು ಬಂತು.

ಕಾಗದಪತ್ರ, ಹೂವು, ನೆರೆಯವರ ದರ್ಶನ ಮುಗಿದು ಹೊರಟಾಗ ಸಂಜೆಯಾಗಿತ್ತು. ಘಾಟಿನ ಏರಿನಲ್ಲಿ ಗಾಡಿ ಒಮ್ಮೆಯೂ ದಮ್ಮು ಬಿಡಲಿಲ್ಲ. ಹಿಂದಿನ ಸೀಟಿನಲ್ಲಿ ದಾನವ್ವನೂ ಶೀತಲಳೂ ಒಬ್ಬರಿಗೊಬ್ಬರು ಒರಗಿ ಅಳುತ್ತ, ತೂಕಡಿಸುತ್ತ ಇದ್ದರು. ಅಕ್ಕನಿಗೆ ಕುಲುಕಬಾರದೆಂದು ಚನ್ನಬಸಯ್ಯ ಮೆಲ್ಲಗೆ ಓಡಿಸಿದ.

ಊರ ಹೊಲಕ್ಕೆ ಬಂದು ನಿಂತಾಗ ಸೂರ್ಯ ಆಗತಾನೆ ಎದ್ದಿದ್ದ. ಬದುವಿನ ಹತ್ತಿರ ಕುಣಿ ತಯಾರಿತ್ತು; ಅಗೆದ ಕರಿಮಣ್ಣು ಇನ್ನೂ ಹಸಿಯಾಗಿತ್ತು. ಭಜನೆಯವರು ತಾಳ ಹಿಡಿದು ನಿಂತಿದ್ದರು. ದಾನವ್ವ, ಶೀತಲ ಇಳಿದರು. ಕಾಂತಪ್ಪ ನಾಲ್ಕು ಜನರನ್ನು ಕರೆದುಕೊಂಡು ಬಂದು ಮುಂದಿನ ಬಾಗಿಲಿನ ಹಿಡಿಕೆಗೆ ಕೈ ಹಾಕಿದ.

"ತಡೀಯಪ್ಪಾ" ಎಂದ ಚನ್ನಬಸಯ್ಯ. "ಎರಡ ಮಿನಿಟ. ಗಾಡಿ ಆರಬೇಕು."

ಕಾಂತಪ್ಪನಿಗೆ ಅರ್ಥವಾಗಲಿಲ್ಲ. ಆದರೂ ಕೈ ತೆಗೆದು, ಉಳಿದವರನ್ನೂ ಸನ್ನೆ ಮಾಡಿ ಹಿಂದೆ ಕರೆದುಕೊಂಡ.

ಇಂಜಿನ್ನು ಓಡುತ್ತಿತ್ತು. ಚನ್ನಬಸಯ್ಯ ಸ್ಟಿಯರಿಂಗ್ ಮೇಲೆ ಕೈಯಿಟ್ಟು ಅಕ್ಕನ ಕಡೆ ತಿರುಗಿ ಕೂತ. ಏನಾದರೂ ಹೇಳಬೇಕೆನಿಸಿತು. ಆದರೆ ಈ ಎರಡು ಮಿನಿಟಿನಲ್ಲಿ ಮಾತು ಶುರು ಮಾಡುತ್ತಿದ್ದುದು ಯಾವಾಗಲೂ ಆಕೆಯೇ. ಆಕೆಯ ಮಡಿಲಿನ ಸಂಚಿಯ ದಾರಕ್ಕೆ ಒಂದು ಕೆಂಪು ಗೊಂಡೆ ಇತ್ತು. ಇಂಜಿನ್ನಿನ ನಡುಕಕ್ಕೆ ಅದು ಸಣ್ಣಗೆ ಅಲುಗುತ್ತಿತ್ತು.